ಮೊಂಡಿ ಹಿಡಿಯದ ಹಗ್ಗ

ಅವಳನ್ನು ಇಡೀ ಬಂದರು ಮೊಂಡಿ ಎಂದೇ ಕರೆಯುತ್ತಿತ್ತು. ಹಾಯಿ ಹೊಲಿಯುವುದು ಅವಳ ಕಸುಬು. ಬೇರೆಯವರ ದೋಣಿಗಳಿಗೆ ಹೊಲಿದು ಹೊಲಿದು ಬೆರಳ ತುದಿ ಕಲ್ಲಾಗಿತ್ತು. ಒಂದು ದಿನ ತನಗೇ ಒಂದು ಹಾಯಿ ಹೊಲಿದುಕೊಂಡು, ಒಬ್ಬಳೇ ಪ್ರಪಂಚ ಸುತ್ತಿ ಬರುತ್ತೇನೆ, ಇದುವರೆಗೆ ಸುತ್ತಿದವರೆಲ್ಲರಿಗಿಂತ ಬೇಗ ಬರುತ್ತೇನೆ ಎಂದಳು. ಕೇಳಿದವರು ಮುಸಿಮುಸಿ ನಕ್ಕರು. ಅವಳ ಅಣ್ಣ ನಗಲಿಲ್ಲ, ರೇಗಿದ. ಅವನು ಬಂದರಿನ ಟಗ್ ದೋಣಿ ಓಡಿಸುವವನು, ಕೆಟ್ಟು ನಿಂತ ದೋಣಿಗಳನ್ನು ಹಗ್ಗ ಕಟ್ಟಿ ಎಳೆತರುವವನು.

"ಹೋಗು, ಹೋಗು," ಎಂದಿದ್ದ, ಹೊಲಿಗೆ ಕೋಣೆಯಲ್ಲಿ ನಾಲ್ಕು ಜನರ ಎದುರಿಗೆ. "ಕೊನೆಗೆ ನಿನ್ನನ್ನ ಎಳ್ಕೊಂಡು ಬರೋದು ನನ್ನ ಹಗ್ಗಾನೇ."

ಆ ಮಾತು ನಾಟಿತ್ತು. ಬಿರುಗಾಳಿಯಲ್ಲಿ ದೋಣಿ ಮಗುಚಿ ಎದ್ದಾಗಲೂ, ಕುಡಿಯುವ ನೀರಿಗೆ ಉಪ್ಪು ಸೇರಿ ನಾಲಿಗೆ ಒಡೆದಾಗಲೂ ಅವಳು ದೇವರನ್ನು ನೆನೆಯಲಿಲ್ಲ, ಅಣ್ಣನನ್ನು ನೆನೆದು ಹಲ್ಲು ಕಚ್ಚಿದಳು. ಸಿಟ್ಟು ಅಂದರೆ ಸುಮ್ಮನೆಯೇ? ಅರ್ಧ ಪ್ರಪಂಚ ಅವಳನ್ನು ದಾಟಿಸಿದ್ದೇ ಅದು.

ಈಗ ಬಂದರಿನ ಬಾಯಿ ಕಣ್ಣೆದುರಿಗಿತ್ತು. ಎರಡು ದೀಪಸ್ತಂಭಗಳ ನಡುವಿನ ಗೆರೆಯನ್ನು ಹೊತ್ತು ಮುಳುಗುವುದರೊಳಗೆ ದಾಟಿದರೆ ದಾಖಲೆ ಅವಳದು. ಅಷ್ಟು ಹತ್ತಿರ ಬಂದಾಗಲೇ ಹಾಳಾದ ಗಾಳಿ ಬಿದ್ದುಹೋಯಿತು. ಇಳಿತದ ನೀರು ದೋಣಿಯನ್ನು ಹಿಂದಕ್ಕೆ ಎಳೆಯತೊಡಗಿತು. ಅವಳು ಲಂಗರು ಇಳಿಸಿ ಕೂತಳು. ಉಬ್ಬರ ಶುರುವಾದರೆ ನೀರೇ ಒಳಗೆ ಒಯ್ಯುತ್ತದೆ. ಅದು ಮೊದಲೋ, ಹೊತ್ತು ಮುಳುಗುವುದು ಮೊದಲೋ ಎನ್ನುವುದಷ್ಟೇ ಪ್ರಶ್ನೆ.

ಅಷ್ಟರಲ್ಲಿ ಅಣ್ಣನ ಟಗ್ ಬಂತು. ಅವನ ಪಕ್ಕದಲ್ಲಿ ದಾಖಲೆಯ ತೀರ್ಪುಗಾರ, ಕೈಯಲ್ಲಿ ಬಾವುಟ. ನಿಯಮ ಸರಳವಾಗಿತ್ತು: ದಾರಿಯುದ್ದಕ್ಕೂ ಯಾರ ಸಹಾಯವನ್ನೂ ಪಡೆಯುವಂತಿಲ್ಲ, ಎಳೆಯಲು ಬಂದ ಹಗ್ಗವನ್ನು ಕೈಯಲ್ಲಿ ಹಿಡಿದರೂ ಮುಗಿಯಿತು. ಅಣ್ಣನಿಗೂ ಅದು ಗೊತ್ತಿತ್ತು. ಆದರೆ ತಂಗಿಯ ಮುಖ ನೋಡಿದ. ಕೆನ್ನೆ ಒಳಹೋಗಿತ್ತು, ತುಟಿ ಬಿರಿದಿತ್ತು. ನಿಂತ ದೋಣಿ ಕಂಡರೆ ಹಗ್ಗ ಎಸೆಯುವುದೊಂದೇ ಜನ್ಮವೆಲ್ಲ ಕಲಿತ ಕೈ ಅವನದು. ತಲೆ ಬೇಡವೆನ್ನುವಷ್ಟರಲ್ಲಿ ಎಸೆದೇಬಿಟ್ಟಿತು.

ಅವಳೂ ಅದೇ ಮನೆಯ ಮಗಳಲ್ಲವೇ? ಬರುವ ಹಗ್ಗವನ್ನು ಹಿಡಿಯದೆ ಬಿಡುವುದನ್ನು ಅಪ್ಪ ಕಲಿಸಿರಲಿಲ್ಲ. ಎರಡೂ ಕೈಗಳು ತಾವಾಗಿಯೇ ಮೇಲೆದ್ದವು. ಎದ್ದ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕುಕ್ಕರಿಸಿದಳು. ಹಗ್ಗ ಭುಜಕ್ಕೆ ಬಡಿದು ಕಾಲಬುಡದಲ್ಲಿ ಬಿತ್ತು.

"ತಗೊಂಡ್ಬಿಡೇ," ಎಂದ ಅಣ್ಣ. "ದಾಖಲೆ ಮನೆ ಹಾಳಾಗ್ಲಿ. ಜೀವ ಇದ್ರೆ ಸಾಕು."

"ಜೀವ ಗಟ್ಟಿಯಾಗೇ ಇದೆ. ನಿನ್ನ ಹಗ್ಗ ತೆಗಿ."

"ಎಷ್ಟು ಹಟಾನೇ ನಿಂದು."

"ಪ್ರಪಂಚಾನೇ ಸುತ್ತಿ ಬಂದಿದೀನಿ. ಇನ್ನು ಇಷ್ಟು ದೂರಕ್ಕೆ ನಿನ್ನ ಬಾಲ ಹಿಡೀಬೇಕಾ?"

ಕಾಲಿನಿಂದಲೇ ಹಗ್ಗವನ್ನು ನೀರಿಗೆ ಒದ್ದಳು. ಅಣ್ಣ ಗಾಬರಿಯಿಂದ ತೀರ್ಪುಗಾರನ ಕಡೆ ತಿರುಗಿದ. ಆ ಮನುಷ್ಯ ಗಂಟಲು ಸರಿಮಾಡಿಕೊಂಡು, "ಒದ್ದಿದ್ದನ್ನ ಹಿಡಿದಿದ್ದು ಅನ್ನೋಕಾಗಲ್ಲ," ಎಂದ.

ಬಿಸಿಲು ಕೆಂಪಾಯಿತು. ಸೂರ್ಯ ನೀರಿನ ಹತ್ತಿರಕ್ಕೆ ಇಳಿಯುವ ಹೊತ್ತಿಗೆ ಲಂಗರಿನ ಹಗ್ಗ ಸಡಿಲಾಯಿತು. ಉಬ್ಬರ ಬಂದಿತ್ತು. ಅವಳು ಉಸಿರು ಕಟ್ಟಿ ಲಂಗರು ಎತ್ತಿದಳು, ದೋಣಿ ಆಮೆ ನಡಿಗೆಯಲ್ಲಿ ಒಳಗೆ ಹೊರಟಿತು. ಸ್ವಾಗತಿಸಲು ಬಂದ ಮೋಟಾರು ದೋಣಿಗಳ ಹಿಂಡು ಹತ್ತಿರ ಸರಿಯಿತು. ಅಣ್ಣ ಟಗ್ಗನ್ನು ಅಡ್ಡ ತಂದ.

"ಎಂಜಿನ್ ಆಫ್ ಮಾಡ್ರಿ. ನಿಮ್ಮ ಅಲೆ ಅವಳನ್ನ ತಳ್ಳಿದ್ರೂ ಸಹಾಯ ಅಂತಾರೆ. ಅವಳು ತಾನೇ ಬರ್ತಾಳೆ."

ಸೂರ್ಯನ ಅಂಚು ಇನ್ನೂ ಕಾಣುತ್ತಿದ್ದಾಗ ದೋಣಿ ಗೆರೆ ದಾಟಿತು, ತೀರ್ಪುಗಾರನ ಬಾವುಟ ಇಳಿಯಿತು. ಅಣ್ಣ ನಾಚಿಕೆ ಬಿಟ್ಟು ಅತ್ತ. ಅಳುತ್ತಲೇ ಒದ್ದೆ ಹಗ್ಗವನ್ನು ಮತ್ತೆ ಎತ್ತಿದ.

"ಈಗಲಾದ್ರೂ ತಗೊಳ್ಳೇ. ಈಗ ಏನೂ ತಪ್ಪಿಲ್ಲ."

"ಬೇಡ ಅಣ್ಣ. ದಾರಿ ಬಿಡು."

ಆ ಬಂದರಿನಲ್ಲಿ ಟಗ್ಗಿಗೆ ಎಲ್ಲ ದೋಣಿಗಳೂ ದಾರಿ ಬಿಡಬೇಕು. ಅಂದು ಅಣ್ಣನೇ ಕಣ್ಣೊರೆಸಿಕೊಂಡು ಟಗ್ಗನ್ನು ಹಿಂದಕ್ಕೆ ತೆಗೆದ.