ಒಲೆಯ ಹಿಂದಿನ ಗೋಡೆ

ಸನೋಬರ್ ಸೀಸೆಯ ಮುಚ್ಚಳ ತೆಗೆದು ಹತ್ತಿಬೀಜದ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಅಂಗಡಿಯಲ್ಲಿ ಜೋಡಿಸಿಟ್ಟಿದ್ದ ಮೂರನೆಯ ಟೈಲಿನ ಮೇಲೆ ಉದ್ದಕ್ಕೆ ಎಳೆದಳು. ಅದರ ಮೇಲೆ ಒಂದಿಷ್ಟು ಟೊಮೆಟೊ ಗೊಜ್ಜು ಸವರಿದಳು. ಅಂಗಡಿಯವನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ.

"ಅಕ್ಕಾ, ಅಕ್ಕಿ ಕ್ಯಾರೆಟ್ಟೂ ತಂದಿದ್ರೆ ಇಲ್ಲೇ ಪಲಾವ್ ಮಾಡ್ಬಿಡಬಹುದಿತ್ತು. ಒಲೆ ಬೇಕಾದ್ರೆ ನಾನು ಕೊಡ್ತೀನಿ."

"ಮಾಂಸ ನೀನು ತರೋದಾದ್ರೆ ಮಾಡ್ತೀನಿ ಬಿಡಣ್ಣ."

ಪಕ್ಕದ ಅಂಗಡಿಯವನೂ ನಕ್ಕ. ಅತ್ತೆ ಝುಬೈದಾ ಮಾತ್ರ ನಗಲಿಲ್ಲ. ಸಿಮೆಂಟು ಚೀಲದ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ, ಆಗಾಗ ಮಡಿಲಲ್ಲಿದ್ದ ಫೋನಿನ ಕಡೆ ನೋಡುತ್ತಿದ್ದರು.

ಎಣ್ಣೆ ಗೋಡೆಯನ್ನು ಏನು ಮಾಡುತ್ತದೆ ಎನ್ನುವುದು ಸನೋಬರಳಿಗೆ ಗೊತ್ತಿತ್ತು. ಹತ್ತಿಬೀಜದ ಎಣ್ಣೆ ಹೊಗೆಯಾಡುವ ತನಕ ಕಾಯದೆ ಪಲಾವಿಗೆ ರುಚಿ ಬರುವುದಿಲ್ಲ. ಈರುಳ್ಳಿ ಬಿತ್ತೋ, ಗೋಡೆಗೆಲ್ಲ ಸಿಡಿಯುತ್ತದೆ. ಮನೆಯ ಸುಣ್ಣದ ಗೋಡೆ ಅದನ್ನು ಕುಡಿದು ಕುಡಿದು ಕಂದಾಗಿತ್ತು. ಮದುವೆಯಾಗಿ ಬಂದಾಗಿನಿಂದ ಪ್ರತಿ ನವ್ರೋಜ್ ಹಬ್ಬಕ್ಕೂ ಅವಳು ಅದನ್ನು ಕೆರೆದು ಸುಣ್ಣ ಬಳಿಯುತ್ತಿದ್ದಳು. ಹಬ್ಬದ ಅಡಿಗೆ ಮುಗಿಯುವಷ್ಟರಲ್ಲಿ ಮತ್ತೆ ಕಲೆ.

ಹುಟ್ಟಿದ ಮನೆ ಕಿರಿಮಗನದು ಎನ್ನುವುದು ಮಾರ್ಗಿಲಾನ್ ಊರಿನ ಮಗುವಿಗೂ ಗೊತ್ತು. ಹಿರಿಯರು ಬೇರೆ ಹೋಗಬೇಕು. ಅವಳ ಗಂಡ ಕೊಬಿಲನೂ ಊರಾಚೆ ಒಂದು ಜಾಗದಲ್ಲಿ ಎದೆಮಟ್ಟ ಗೋಡೆ ಎಬ್ಬಿಸಿದ್ದ. ಅಷ್ಟರಲ್ಲಿ ಮಾವ ತೀರಿಕೊಂಡರು. ಕೊರಿಯಾಕ್ಕೆ ದುಡಿಯಲು ಹೋಗಿದ್ದ ಕಿರಿಯ ನೋದಿರ್, "ನಾನಿನ್ನು ಆ ಕಡೆ ಬರೋನಲ್ಲ, ಅಮ್ಮನ ಜೊತೆ ಅಣ್ಣನೇ ಇರ್ಲಿ" ಎಂದು ಫೋನಿನಲ್ಲಿ ಎಲ್ಲರ ಮುಂದೆ ಹೇಳಿದ. ಆ ಮಾತಿನ ಮೇಲೆ ಕೊಬಿಲ್ ತನ್ನ ಜಾಗ ಮಾರಿ ಈ ಮನೆಗೆ ಹೊಸ ಮಾಡು ಹೊದಿಸಿದ. ಈ ವರ್ಷ ನೋದಿರನಿಗೆ ಹೆಣ್ಣು ಗೊತ್ತಾದಾಗಲೂ, ಹೆಂಡತಿಯನ್ನು ಜೊತೆಗೇ ಕರೆದುಕೊಂಡು ಹೋಗುತ್ತಾನೆ ಎಂದೇ ಮಾತಾಗಿತ್ತು.

ಹೋದ ವಾರ ಅತ್ತೆ, "ಒಲೆ ಹಿಂದೆ ಏನು ಹಾಕ್ಸೋಣ ಅಂತ ನೀನೇ ನೋಡಿ ಹೇಳೇ, ಬೇಯ್ಸೋಳು ನೀನು ತಾನೆ" ಅಂದಿದ್ದರು. ಇಷ್ಟು ವರ್ಷದಲ್ಲಿ ಆ ಮನೆಯ ಒಂದು ಚಮಚದ ವಿಷಯಕ್ಕೂ ಅವಳನ್ನು ಕೇಳಿದವರಲ್ಲ. ಸನೋಬರ್ ತಲೆಯಾಡಿಸಿ ರೊಟ್ಟಿ ಹಿಟ್ಟು ನಾದಲು ಕೂತಳು. ಅವತ್ತಿನ ಹಿಟ್ಟಿಗೆ ನೀರು ಹೆಚ್ಚಾಗಿ ಹೋಯಿತು.

ಈಗ ಅವಳು ಒಂದೊಂದಾಗಿ ಒರೆಸಿ ನೋಡಿದಳು. ಸ್ಟೀಲ್ ತಗಡಿನ ಮೇಲೆ ಬೆರಳಿನ ಗುರುತು ಉಳಿಯಿತು. ಪ್ಲಾಸ್ಟಿಕ್ ಹಾಳೆ ಬೆಂಕಿಯ ಹತ್ತಿರ ಬಾಗುತ್ತದೆಂದು ಅಂಗಡಿಯವನೇ ಒಪ್ಪಿಕೊಂಡ. ಹೂವಿನ ಚಿತ್ರ ಅಚ್ಚಾದ ಗಾಜು ಒಂದೇ ಸಲಕ್ಕೆ ಹೊಳೆಯಿತು, ಆದರೆ ಅವಳಿಗೆ ಹಿಡಿಸಲಿಲ್ಲ. ಅಡಿಗೆಮನೆ ಅಂದಮೇಲೆ ಕೈ ಬಡಿಯುತ್ತದೆ, ಕಡಾಯಿ ತಗಲುತ್ತದೆ. ಕಡೆಗೆ ಕೆನೆಬಣ್ಣದ ದೊಡ್ಡ ಟೈಲಿನ ಮೇಲೆ ಅಂಗೈಯಿಟ್ಟಳು.

"ಇದು ಇರ್ಲಿ ಅತ್ತೆ. ಸಂದಿ ಕಡಿಮೆ, ಜಿಡ್ಡು ಕೂರಲ್ಲ. ನಮ್ಮ ಕಾಲಕ್ಕೂ ಆಗತ್ತೆ, ಮಕ್ಕಳ ಕಾಲಕ್ಕೂ ಆಗತ್ತೆ."

ಅತ್ತೆ ಫೋನಿನಲ್ಲಿ ವೀಡಿಯೊ ಕರೆ ಹಚ್ಚಿ ಟೈಲಿನ ಮುಂದೆ ಹಿಡಿದರು. "ನೋಡು ಮಗಳೇ, ಕಾಣ್ತಾ ಇದೆಯಾ? ನಿಮ್ಮಕ್ಕ ಇದನ್ನ ಆರಿಸಿದಾಳೆ."

ಫೋನಿನೊಳಗಿಂದ ಎಳೆಯ ದನಿ ಬಂತು. ನೋದಿರನಿಗೆ ಗೊತ್ತಾದ ಹುಡುಗಿ, ಮಫ್ತೂನಾ.

"ಚೆನ್ನಾಗಿದೆ ಅತ್ತೆ, ಆದ್ರೆ ನಮ್ಮಪ್ಪ ಕೊಡ್ಸೋ ಕಪಾಟು ತಿಳಿ ಹಸಿರಿಂದು. ಅಡಿಗೆಮನೆ ಅಳತೆಗೇ ಮಾಡ್ಸಿಬಿಟ್ಟಿದಾರೆ. ಅದಕ್ಕೆ ಇದು ಹೊಂದಲ್ಲ. ಗಾಜು ಇಲ್ವಾ? ಅಕ್ಕಾ, ನೀವೇ ಹೇಳಿ, ಗಾಜು ಒರ್ಸೋದು ಸುಲಭ ಅಲ್ವಾ?"

ಸನೋಬರಳ ಕೈ ಟೈಲಿನ ಮೇಲೆಯೇ ಇತ್ತು. ಹುಡುಗಿಯ ದನಿಯಲ್ಲಿ ಕೊಂಕು ಇರಲಿಲ್ಲ.

"ಸುಲಭ ಕಣಮ್ಮ," ಅಂದಳು.

ಫೋನು ಇಟ್ಟ ಮೇಲೆ ಅತ್ತೆ ಅವಳ ಮುಖ ನೋಡದೆ ಹೇಳಿದರು: "ನೋದಿರ್ ವಾಪಸ್ ಬರ್ತಾ ಇದಾನೆ. ಅಲ್ಲಿ ಕಾಗದಪತ್ರ ಆಗ್ಲಿಲ್ವಂತೆ. ಕೊಬಿಲಂಗೆ ಆಗ್ಲೇ ಹೇಳಿದೀನಲ್ಲ. ನಿಂಗೆ ಹೇಳ್ಲಿಲ್ವಾ ಅವನು?"

"ಯಾವಾಗ ಹೇಳಿದ್ರಿ?"

"ಏಪ್ರಿಕಾಟ್ ಹೂ ಬಿಟ್ಟಿದ್ದಾಗ."

ಈಗ ಹಣ್ಣು ಕೊಯ್ದು, ಸೂರಿನ ಮೇಲೆ ಒಣಹಾಕಿ, ಅದನ್ನೂ ಎತ್ತಿಟ್ಟಾಗಿತ್ತು. ಅಷ್ಟು ದಿನವೂ ಕೊಬಿಲ್ ಅವಳು ಬಡಿಸಿದ್ದನ್ನು ಉಂಡು, ಕೈ ಒರೆಸಿಕೊಂಡು, ಎದ್ದು ಹೋಗಿದ್ದ.

"ಕೊಬಿಲ್ ನಿಮಗೆ ಬಾಡಿಗೆಗೆ ಎಲ್ಲಾದ್ರೂ ಮನೆ ನೋಡ್ತಾನಂತೆ," ಅತ್ತೆ ಮುಂದುವರಿಸಿದರು. "ನಾನೇನು ಹೊಸದಾಗಿ ಮಾಡಿದ್ನೇನೇ? ನಂಗೂ ನನ್ನ ಓರಗಿತ್ತಿ ಬಂದಾಗ ಹೀಗೇ ಹೊರಡು ಅಂದಿದ್ರು."

"ಮತ್ತೆ ನನ್ನ ಯಾಕೆ ಕರ್ಕೊಂಡು ಬಂದ್ರಿ?"

"ಆ ಹುಡುಗಿಗೆ ಇನ್ನೂ ಏನು ಗೊತ್ತಾಗುತ್ತೆ? ನೀನಾದ್ರೆ ಕೈಯಾಡ್ಸಿದೋಳು."

ಅಂಗಡಿಯವನಿಗೆ ವ್ಯಾಪಾರ ಕುದುರಿದ್ದು ತಿಳಿಯಿತು. ಗಾಜನ್ನು ಮುಂದಕ್ಕೆ ಸರಿಸಿ, ಸ್ವಲ್ಪ ದನಿ ತಗ್ಗಿಸಿ ಕೇಳಿದ: "ಒಂದು ವಿಷ್ಯ ಅಮ್ಮಾ. ಇದು ಮಾಮೂಲಿ ಗಾಜು, ಉರಿ ತಗಲಿದ್ರೆ ಒಡೆದುಹೋಗತ್ತೆ. ಶಾಖ ತಡೆಯೋದು ಬೇಕಂದ್ರೆ ತಾಷ್ಕೆಂಟಿಂದ ತರಿಸ್ಬೇಕು. ಒಲೆಗೂ ಗೋಡೆಗೂ ಎಷ್ಟು ದೂರ ಇದೆ?"

ಅತ್ತೆ ಸೊಸೆಯ ಕಡೆ ತಿರುಗಿದರು. "ಅವಳನ್ನ ಕೇಳಪ್ಪ. ಅವಳಿಗೆ ಗೊತ್ತು."

ದೊಡ್ಡ ಕಡಾಯಿ ಇಟ್ಟರೆ ನಡುವೆ ಉಳಿಯುವುದು ನಾಲ್ಕು ಬೆರಳು. ಉರಿ ಜೋರಾದ ದಿನ ಜ್ವಾಲೆ ಗೋಡೆಯನ್ನು ನೆಕ್ಕುತ್ತಿತ್ತು. ಸನೋಬರ್ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು.

"ದೂರ ಇದೆ," ಅಂದಳು.

"ಹಾಗಾದ್ರೆ ತೊಂದ್ರೆ ಇಲ್ಲ, ಇದನ್ನೇ ತಗೊಂಡು ಹೋಗಿ," ಎಂದ ಅಂಗಡಿಯವನು.

ಗಾಜಿಗೆ ಹಳೆಯ ಕಂಬಳಿ ಸುತ್ತಿ ಬಾಡಿಗೆ ವ್ಯಾನಿಗೆ ಏರಿಸಿದರು. ಹಿಂದಿನ ಸೀಟಿನಲ್ಲಿ ಅತ್ತೆ ಒಂದು ತುದಿಗೆ, ಸೊಸೆ ಇನ್ನೊಂದು ತುದಿಗೆ, ಇಬ್ಬರ ತೊಡೆಯ ಮೇಲೂ ಗಾಜು. ರೇಷ್ಮೆ ಕಾರ್ಖಾನೆ ದಾಟುವಷ್ಟರಲ್ಲಿ ಅತ್ತೆಗೆ ತೂಕಡಿಕೆ ಬಂತು. ಅವರ ಕೈ ಸಡಿಲಾಗಿ ಪಕ್ಕಕ್ಕೆ ಜಾರಿತು. ಡ್ರೈವರು ಯಾರನ್ನೋ ಬೈಯುತ್ತ ಜೋರಾಗಿ ಓಡಿಸುತ್ತಿದ್ದ.

ಕಾಲುವೆಯ ಪಕ್ಕದ ರಸ್ತೆ ಪೂರಾ ಕಿತ್ತುಹೋಗಿತ್ತು. ಸನೋಬರ್ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಚಕ್ರ ಗುಂಡಿಗೆ ಇಳಿದಾಗಲೆಲ್ಲ ಅವಳ ಎರಡೂ ಕೈಗಳು ತಾವಾಗಿಯೇ ಗಾಜನ್ನು ಮೇಲಕ್ಕೆತ್ತಿ, ವ್ಯಾನು ಸರಿಯಾಗುವ ತನಕ ಹಿಡಿದಿದ್ದು, ಮೆಲ್ಲಗೆ ಮತ್ತೆ ತೊಡೆಗೆ ಇಳಿಸುತ್ತಿದ್ದವು.