ಗಾಳಿಗೆ ಅಡ್ಡವಾಗದ ಜಾಗ

ಸ್ಕ್ರೂ ಮತ್ತೆ ಜಾರಿತು. ಮದರ್‌ಬೋರ್ಡಿನ ಸಂದಿಯಲ್ಲಿ ಟಣ್ಣೆಂದು ಬಿದ್ದು ಎಲ್ಲೋ ಉರುಳಿ ನಿಂತಿತು. ಧನಪಾಲ್ ಎಡಗೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು, ಕಂಪ್ಯೂಟರಿನ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ಬಗ್ಗಿಸಿದ. ಸ್ಕ್ರೂ ಹೊರಗೆ ಬಿತ್ತು. ಅವನ ಬಲಗೈ ತೊಡೆಯ ಮೇಲೆ, ಯಾರೋ ಇಟ್ಟು ಮರೆತ ಸಾಮಾನಿನಂತೆ ಬಿದ್ದಿತ್ತು.

"ಅಪ್ಪಾ, ಬರೀ ಹಿಡ್ಕಂತೀನಿ ಕಣಪ್ಪ. ಬಿಚ್ಚೋದು ನೀನೇ ಬಿಚ್ಚು," ಎಂದಳು ಮಗಳು ಮಾಯಾ.

"ಮುಟ್ಟಬ್ಯಾಡ ಅಂದ್ನಲ್ಲ. ಅಲ್ಲೇ ನಿಂತ್ಕ."

ಮಾಯಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಎದುರಿಗಿದ್ದರೆ ತಾವಾಗಿಯೇ ಮುಂದೆ ಹೋಗುತ್ತವೆ ಎಂಬ ಭಯ ಅವಳಿಗೆ.

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಧನಪಾಲನದು ಫ್ಲೆಕ್ಸ್ ಡಿಸೈನಿನ ಅಂಗಡಿ. ಮದುವೆ, ಗೃಹಪ್ರವೇಶ, ಶ್ರದ್ಧಾಂಜಲಿ, ಸಂಘದ ಚುನಾವಣೆಯಲ್ಲಿ ಗೆದ್ದವರ ಮೀಸೆ ತಿರುವಿದ ಫೋಟೊ, ಊರಿನ ಸುಖದುಃಖವೆಲ್ಲ ಈ ಒಂದು ಕಂಪ್ಯೂಟರಿನೊಳಗೆ ಹಾದು ಕಡೂರಿಗೆ ಹೋಗಿ ಪ್ರಿಂಟಾಗಿ ಬರುತ್ತಿತ್ತು. ಬಿಡಿಭಾಗಗಳನ್ನು ಒಂದೊಂದಾಗಿ ತಂದು ಅದನ್ನು ಕೂಡಿಸಿದವನು ಧನಪಾಲನೇ. ಯಾವ ಮೆಕ್ಯಾನಿಕ್ಕನ್ನೂ ಅವನು ಅದರ ಹತ್ತಿರ ಬಿಟ್ಟವನಲ್ಲ. ಕಳೆದ ಚಳಿಗಾಲದಲ್ಲಿ ಲಕ್ವ ಹೊಡೆಯಿತು. ಸ್ವಲ್ಪ ಸ್ವಲ್ಪವಾಗಿ ಕಾಲು ಬಂತು, ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಯಿತು, ಬಲಗೈ ಮಾತ್ರ ಬರಲಿಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಮಾಯಾ ಅಂಗಡಿಯ ಬಾಗಿಲು ತೆಗೆದಳು. ಕೆಲಸ ಅವಳಿಗೆ ಮೊದಲೇ ಬರುತ್ತಿತ್ತು. ಮೂಗು ಒರೆಸಿಕೊಳ್ಳುವ ವಯಸ್ಸಿನಿಂದಲೂ ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತು ಕಲಿತವಳು.

ಆದರೆ ಬೇಸಿಗೆ ಕಾಲಿಟ್ಟದ್ದೇ ತಡ, ಕಂಪ್ಯೂಟರೂ ಹಟ ಹಿಡಿಯಿತು. ಕೆಲಸದ ನಡುವೆ ಕಾದು ಕೆಂಡವಾಗಿ ತಾನೇ ಆರಿಹೋಗುತ್ತಿತ್ತು. ಪೆಟ್ಟಿಗೆ ಚಿಕ್ಕದು, ಒಳಗೆ ಗಾಳಿಯಾಡುತ್ತಿಲ್ಲ, ದೊಡ್ಡದಕ್ಕೆ ಬದಲಾಯಿಸಿ ಎಂದು ಕಡೂರಿನ ಅಂಗಡಿಯವನು ಫೋನಿನಲ್ಲೇ ಹೇಳಿದ. ಮಾಯಾ ಹೋಗಿ, ಒಂದು ಪಕ್ಕ ಗಾಜಿರುವ ದೊಡ್ಡ ಕಪ್ಪು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪ್ಯಾಸೆಂಜರ್ ರೈಲಿನಲ್ಲಿ ತಂದಳು. ಧನಪಾಲ್ ಅದನ್ನು ಒಂದು ಸುತ್ತು ತಿರುಗಿಸಿ ನೋಡಿದ. ಆಮೇಲೆ ತೀರ್ಪು ಕೊಟ್ಟ.

"ಕೂಡಿಸಿದೋನು ನಾನು. ಬಿಚ್ಚಿ ಕೂಡಿಸೋನೂ ನಾನೇ. ಯಾರೂ ಕೈ ಹಾಕಂಗಿಲ್ಲ. ಆಗ್ಲಿಲ್ಲ ಅಂದ್ರೆ ಅಂಗಡಿ ಹರ್ಷಿತ್‌ಗೆ ಬಿಟ್ಕೊಟ್ಬಿಡ್ತೀನಿ."

ಹರ್ಷಿತ್ ತರೀಕೆರೆಯವನು. ಅಲ್ಲಿ ಫ್ಲೆಕ್ಸ್ ಅಂಗಡಿ ನಡೆಸುತ್ತಿದ್ದು, ಇಲ್ಲೊಂದು ಶಾಖೆ ಮಾಡಬೇಕೆಂದು ಕಾಯುತ್ತಿದ್ದ. ಅಪ್ಪನ ಕೈಯ ಈ ಪರೀಕ್ಷೆಯಲ್ಲಿ ಮಗಳ ಬದುಕೂ ಸಿಕ್ಕಿಕೊಂಡಿದೆ ಎಂಬುದು ಧನಪಾಲನಿಗೆ ಹೊಳೆದಿರಲಿಲ್ಲ. ಹಟಕ್ಕೆ ಬಿದ್ದ ಗಂಡಸಿಗೆ ಇಂಥವು ಹೊಳೆಯುವುದು ಸ್ವಲ್ಪ ತಡವೇ.

ಭಾನುವಾರವಾದ್ದರಿಂದ ಶಟರನ್ನು ಅರ್ಧಕ್ಕೆ ಎಳೆದಿದ್ದರು. ಅದರ ಪಕ್ಕದಲ್ಲಿ ಉಚ್ಚಂಗಮ್ಮ ಮೊರದ ತುಂಬ ಹುಣಸೆಹಣ್ಣು ಇಟ್ಟುಕೊಂಡು ಬೀಜ ಬಿಡಿಸುತ್ತಿದ್ದಳು. ಗಂಡನಿಗೂ ಮಗಳಿಗೂ ಊಟ ತಂದವಳು ಮನೆಗೆ ಹಿಂದಿರುಗುವ ಮನಸ್ಸಿಲ್ಲದೆ ಕೆಲಸ ಹುಡುಕಿಕೊಂಡು ಕೂತಿದ್ದಳು.

"ಅಲ್ರೀ, ಇದನ್ನೆಲ್ಲ ಯಾಕೆ ಬಿಚ್ಬೇಕು? ಹಂಗೇ ಇಡೀ ಸಿಪಿಯುನೇ ಎತ್ತಿ ಆ ದೊಡ್ಡದ್ರೊಳಗೆ ಇಡಕ್ಕಾಗಲ್ವಾ?"

"ಹಪ್ಪಳದ ಡಬ್ಬ ಅನ್ಕಂಡ್ಯಾ ಇದನ್ನ?" ಎಂದ ಧನಪಾಲ್. ಬಹಳ ದಿನಗಳ ಮೇಲೆ ಅವನ ದನಿಯಲ್ಲಿ ಸ್ವಲ್ಪ ನಗು ಇತ್ತು. ಉಚ್ಚಂಗಮ್ಮ ನಗಲಿಲ್ಲ.

ನಗುವಿಗೆ ಕಾರಣವಿತ್ತು. ಕೆಲಸ ಸಾಗುತ್ತಿತ್ತು. ಹಾರ್ಡ್ ಡಿಸ್ಕ್ ಹೊರಗೆ ಬಂದಿತ್ತು. ದೊಡ್ಡ ಗ್ರಾಫಿಕ್ಸ್ ಕಾರ್ಡನ್ನೂ ಬಿಡಿಸಿ ಹಳೆಯ ಪೇಪರಿನ ಮೇಲೆ ಮಲಗಿಸಿದ್ದ. ಮದರ್‌ಬೋರ್ಡಿನ ಕೊನೆಯ ಸ್ಕ್ರೂ ಹೊರಬಂದಾಗ, ಅಂಚನ್ನು ಎಡಗೈಯ ಬೆರಳುಗಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಒಂದೇ ಹದದಲ್ಲಿ ಎತ್ತಿಬಿಟ್ಟ. ಮಾಯಾ ಬೆನ್ನ ಹಿಂದೆ ಕಟ್ಟಿದ್ದ ಕೈಗಳನ್ನು ಬಿಚ್ಚಿ ಅಂಗೈಯ ಬೆವರನ್ನು ಚೂಡಿದಾರಕ್ಕೆ ಒರೆಸಿಕೊಂಡಳು. ಅಪ್ಪ ಗೆಲ್ಲುತ್ತಾನೆ ಎಂದು ಅವಳಿಗೆ ಆಗ ನಿಜವಾಗಿಯೂ ಅನ್ನಿಸಿತು.

"ಇನ್ನು ಮುಂದಿನ ಫ್ಯಾನೊಂದು," ಎಂದ ಧನಪಾಲ್.

ಮೊರದಲ್ಲಿ ಆಡುತ್ತಿದ್ದ ಉಚ್ಚಂಗಮ್ಮನ ಕೈ ನಿಂತಿತು. "ಹೊಸದ್ರಲ್ಲಿ ಫ್ಯಾನ್ ಇಲ್ವಾ?"

"ಇದೆ. ಇನ್ನೊಂದಕ್ಕೂ ಜಾಗ ಇದೆ. ಗಾಳಿ ಒಳಗೆ ಎಳ್ಕೊಳೋದು ಇದೇ ಕಣೇ, ಒಳ್ಳೇ ಫ್ಯಾನು, ಯಾಕೆ ಬಿಡ್ಬೇಕು?"

"ಬಿಡ್ರೀ ಅದನ್ನ. ಹಳೇದು ಹಳೇದ್ರಲ್ಲೇ ಇರ್ಲಿ."

ಅಮ್ಮನ ದನಿ ಏರಿದ್ದನ್ನು ಕೇಳಿ ಮಾಯಾ ಅತ್ತ ತಿರುಗಿದಳು. ಅಷ್ಟರಲ್ಲಿ ಧನಪಾಲ್ ಪೆಟ್ಟಿಗೆಯನ್ನು ಮೊಣಕಾಲುಗಳ ನಡುವೆ ಅವುಚಿ ಹಿಡಿದು, ಮುಂದಿನ ಪ್ಲಾಸ್ಟಿಕ್ ಮುಖವಾಡಕ್ಕೆ ಬೆರಳು ತೂರಿಸಿ ಜಗ್ಗಿದ್ದ. ಇಷ್ಟು ವರ್ಷದಲ್ಲಿ ಅದನ್ನು ಅವನು ಒಮ್ಮೆಯೂ ತೆಗೆದಿರಲಿಲ್ಲ. ಪಕ್ಕದ ತಗಡು ಬಿಚ್ಚಿ ಬ್ಲೋಯರಿನಿಂದ ಧೂಳು ಊದಿಸಿದರೆ ಮುಗಿಯುತ್ತಿತ್ತು. ಊದಿದಾಗಲೆಲ್ಲ ಕೆಂಪು ಧೂಳು ಹಾರುವುದು, ಅವನು ಸ್ಟೇಷನ್ ರಸ್ತೆಗೆ ಡಾಂಬರು ಹಾಕದವರಿಗೆಲ್ಲ ಶಾಪ ಹಾಕುವುದು, ಅದೂ ಒಂದು ಪದ್ಧತಿಯಾಗಿಬಿಟ್ಟಿತ್ತು.

ಮುಖವಾಡ ಫಟ್ಟೆಂದು ಕಿತ್ತು ಬಂತು. ಅದರ ಜೊತೆ ಕೆಂಪು ಪುಡಿ ಅವನ ಪಂಚೆಯ ಮೇಲೆಲ್ಲ ಸುರಿಯಿತು.

ಅದು ರಸ್ತೆಯ ಧೂಳಲ್ಲ. ಕುಂಕುಮ, ಅರಿಶಿನ, ನಡುನಡುವೆ ಅಕ್ಷತೆಯ ಕಾಳು. ಒಣಗಿ ಕಂದಾದ ಸೇವಂತಿಗೆಯ ಎಸಳುಗಳು. ಫ್ಯಾನಿನ ರೆಕ್ಕೆಗಳಿಗೆ ಸಿಕ್ಕಿಕೊಂಡು ಕೂತಿದ್ದ ಒಂದು ಪುಟ್ಟ ಗಂಟು. ಹಳದಿ ಬಟ್ಟೆ, ಒಳಗೆ ಕಾಸು, ಮೇಲೆ ಬಿಗಿದ ಅರಿಶಿನದ ದಾರ. ಆ ದಾರದ ಉದ್ದ ಬಾಲ ಫ್ಯಾನಿನ ನಡುವಿಗೆ ಸುತ್ತಿ ಸುತ್ತಿ ರೆಕ್ಕೆಗಳನ್ನು ಕಟ್ಟಿಹಾಕಿತ್ತು.

ಧನಪಾಲ್ ರೆಕ್ಕೆಯನ್ನು ಬೆರಳಿನಿಂದ ತಳ್ಳಿದ. ಅದು ಕದಲಲಿಲ್ಲ.

"ಪೆಟ್ಟಿಗೆ ಚಿಕ್ಕದಾಗಿದ್ದಕ್ಕಲ್ಲ ಕಾಯ್ತಿದ್ದಿದ್ದು," ಎಂದ ಅವನು, ಯಾರಿಗೂ ಅಲ್ಲದ ಹಾಗೆ. ಆಮೇಲೆ ಹೆಂಡತಿಯ ಕಡೆ ನೋಡಿದ. "ಏನೇ ಇದು?"

ಉಚ್ಚಂಗಮ್ಮ ತಲೆ ಎತ್ತಲಿಲ್ಲ.

ಧನಪಾಲ್ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ ವರ್ಷ ಮನೆಯ ಗೂಡಿನಲ್ಲಿದ್ದ ದೇವರ ಪಟಗಳನ್ನೆಲ್ಲ ಇಳಿಸಿದ್ದ. ಅವನ ಅಪ್ಪ ರಂಗಪ್ಪ ಜೀವಮಾನವಿಡೀ ಊರ ಗುಡಿಯ ಹೊರಗೆ ಬಿಸಿಲಿನಲ್ಲಿ ನಿಂತು ತಮಟೆ ಬಡಿದವನು. ಆ ದೇವರ ಮುಖ ಹೇಗಿದೆಯಪ್ಪ ಎಂದು ಮಗ ಒಮ್ಮೆ ಕೇಳಿದಾಗ ರಂಗಪ್ಪನಿಗೆ ಹೇಳಲು ಗೊತ್ತಿರಲಿಲ್ಲ. ಅದನ್ನು ಧನಪಾಲ್ ಮರೆತಿರಲಿಲ್ಲ, ಮರೆಯುವಂಥದ್ದೂ ಅಲ್ಲ. ಅಂಗಡಿಯ ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಅಷ್ಟೇ. ಆಯುಧ ಪೂಜೆಯ ದಿನ ಆ ರಸ್ತೆಯ ಕಂಪ್ಯೂಟರುಗಳೆಲ್ಲ ವಿಭೂತಿ ಕುಂಕುಮ ಬಳಿದುಕೊಂಡು ಕೂತಿದ್ದರೆ ಇವನದರ ಹಣೆ ಬೋಳು. ಹೆಂಡತಿ ಎದುರಾಡಿರಲಿಲ್ಲ. ಅವಳು ಒಪ್ಪಿದ್ದಾಳೆ ಎಂದು ಅವನು ತಿಳಿದಿದ್ದ.

"ಹೊರಗೆ ಹಚ್ಚಿದ್ರೆ ನಿಮ್ಗೆ ಕಾಣ್ತಿತ್ತು," ಎಂದಳು ಉಚ್ಚಂಗಮ್ಮ. "ಅದ್ಕೇ ಪ್ರತಿ ವರ್ಷ ಕಸ ಗುಡಿಸಕ್ಕೆ ಬಂದಾಗ ಮುಂದಿನ ಕಿಂಡೀಲಿ ಒಂದ್ ಚಿಟಿಕೆ ಹಾಕ್ತಿದ್ದೆ."

"ಮತ್ತೆ ಈ ಗಂಟು?"

"ನೀವು ಆಸ್ಪತ್ರೇಲಿ ಮಲಗಿದ್ರಲ್ಲ, ಆಗ ಕಟ್ಟಿದ್ದು. ತವರಿನ ದೇವ್ರು ಅಮ್ಮಂಗೆ ಮುಡಿಪು. ಕೈ ಬರ್ಲಿ ಅಂತ." ಅವಳ ದನಿ ಒಡೆಯಿತು. "ಮನೇಲಿ ಇಟ್ರೆ ನಿಮ್ ಕಣ್ಣಿಗೆ ಬೀಳುತ್ತೆ. ನಿಮ್ ಕೈ ದಿನಾ ಇರ್ತಿದ್ದ ಜಾಗ ಇದೊಂದೇ. ಅದ್ಕೇ ಸಿಡಿ ಹಾಕೋ ಡಬ್ಬ ತೆಗ್ದು ಖಾಲಿ ಬಿಟ್ಟಿದ್ರಲ್ಲ, ಆ ತೂತೊಳಗೆ ತಳ್ಳಿದೆ. ಅದು ಜಾರಿ ಫ್ಯಾನಿಗೆ ಬಿದ್ದಿರೋದು ನಂಗೇನ್ ಗೊತ್ತು?"

"ದೇವ್ರನ್ನ ಮನೆಯಿಂದ ಆಚೆ ಕಳಿಸಿದ್ದು ಯಾಕೆ ಅಂತ ಗೊತ್ತಿದ್ದೂ ಇದನ್ನ ಮಾಡ್ದಲ್ಲೇ! ನಮ್ಮಪ್ಪನ್ನ ಹೊರಗೆ ನಿಲ್ಸಿದ್ದು ಮರ್ತುಹೋಯ್ತಾ?"

"ಅವ್ಳು ಯಾರ್ನೂ ಹೊರಗೆ ನಿಲ್ಸಿಲ್ಲ ಕಣ್ರೀ." ಉಚ್ಚಂಗಮ್ಮ ಮೊದಲ ಸಲ ಗಂಡನ ಮುಖಕ್ಕೆ ಮುಖ ಕೊಟ್ಟಳು. "ಅವ್ಳು ಇರೋದೇ ನಮ್ಮೋರ ಹಟ್ಟಿ ಒಳಗೆ, ಬೇವಿನ ಮರದ ಬುಡ್ದಲ್ಲಿ. ಅವ್ಳಿಗೆ ಒಂದು ಬಾಗ್ಲೂ ಇಲ್ಲ."

ಧನಪಾಲನಿಗೆ ಸಿಟ್ಟು ಬಂತು. ಅದೂ ಹೆಂಡತಿಯ ಮೇಲಲ್ಲ. ಇಷ್ಟು ತಿಂಗಳು ತನ್ನ ಜೊತೆ ತನ್ನ ಯಂತ್ರವೂ ಮುಗಿಯಿತು ಎಂದು ಒಳಗೊಳಗೇ ಕೊರಗಿದ್ದನಲ್ಲ, ಆ ಕೊರಗೇ ಈಗ ಸಿಟ್ಟಾಗಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ಫ್ಯಾನನ್ನು ಕಿತ್ತು ತೊಡೆಯ ಮೇಲಿಟ್ಟುಕೊಂಡ. ದಾರದ ತುದಿ ಹುಡುಕಿ ಎಳೆದರೆ ಫ್ಯಾನೇ ದಾರದ ಜೊತೆ ಎದ್ದು ಬರುತ್ತಿತ್ತು. ಮೊಣಕಾಲಿನಲ್ಲಿ ಒತ್ತಿ ಹಿಡಿದ, ಅದು ಜಾರಿತು. ಕೊನೆಗೆ ದಾರವನ್ನು ಹಲ್ಲಿನಲ್ಲಿ ಕಚ್ಚಿ ಜಗ್ಗಿದ. ತುಟಿಗೆಲ್ಲ ಕುಂಕುಮವಾಯಿತೇ ಹೊರತು ದಾರ ಇನ್ನೂ ಬಿಗಿಯಾಯಿತು. ಬ್ಲೇಡಿನಿಂದ ಕೊಯ್ಯಬಹುದಿತ್ತು. ಬ್ಲೇಡು ಮೇಜಿನ ಮೇಲೆ ಕೈಗೆ ಸಿಗುವಲ್ಲೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ.

ಫ್ಯಾನನ್ನು ಕೆಳಗಿಟ್ಟು ಗೋಡೆಗೆ ಒರಗಿದ. "ಮಾಯಾ, ಹರ್ಷಿತ್‌ಗೆ ಫೋನ್ ಹಾಕು."

"ಹಾಕಲ್ಲ."

"ಮಾತು ಅಂದ್ರೆ ಮಾತು ಕಣಮ್ಮ. ನನ್ ಕೈಲಿ ಆಗ್ಲಿಲ್ಲ."

"ಮಾತು ನಿಂದು. ಅಂಗಡಿ ಹೋದ್ರೆ ಹೋಗೋದು ನಂದೂ," ಎಂದಳು ಮಾಯಾ. ಅವಳ ಕಣ್ಣು ತುಂಬಿತ್ತು. "ನನ್ನ ಪಕ್ಕ ಕೂರ್ಸ್ಕಂಡು ಕಲಿಸಿದ್ದು ಯಾಕೆ ಮತ್ತೆ? ಹೀಗೆ ಕೈ ಕಟ್ಕೊಂಡು ನಿಂತ್ಕಳಕ್ಕಾ?"

ಧನಪಾಲ್ ಮಗಳ ಕೈಗಳನ್ನು ನೋಡಿದ. ಬೆಳಗಿನಿಂದ ಅವು ಬೆನ್ನ ಹಿಂದೆಯೇ ಇದ್ದದ್ದು ಅವನಿಗೆ ಈಗ ಕಂಡಿತು.

ಉಚ್ಚಂಗಮ್ಮ ಎದ್ದು, ಹುಣಸೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಗಂಡನ ಪಕ್ಕ ನೆಲದ ಮೇಲೆ ಕೂತಳು. "ಗಂಟು ಹಾಕಿದ್ದು ನಾನು. ಬಿಡ್ಸೋದೂ ನಾನೇ. ಇದು ನಿಮ್ ಪರೀಕ್ಷೆ ಲೆಕ್ಕಕ್ಕೆ ಬರಲ್ಲ." ಫ್ಯಾನನ್ನು ಅವನ ತೊಡೆಯ ಮೇಲಿಟ್ಟು, ಅವನ ಬಲಗೈಯನ್ನು ಎತ್ತಿ ಅದರ ಮೇಲೆ ಹೇರಿದಳು. "ನೀವು ಹಿಡ್ಕಳಿ."

"ಆ ಕೈಗೆ ಹಿಡಿಯಕ್ಕೆ ಬರಲ್ಲ."

"ಭಾರ ಐತಲ್ಲ. ಅಷ್ಟು ಸಾಕು."

ಸತ್ತಂತಿದ್ದ ಕೈಯ ಭಾರಕ್ಕೆ ಫ್ಯಾನು ಕದಲದೆ ಕೂತಿತು. ಉಚ್ಚಂಗಮ್ಮ ಉಗುರಿನಿಂದ ದಾರದ ಒಂದೊಂದು ಸುತ್ತನ್ನೂ ಸಡಿಲಿಸುತ್ತ ಬಂದಳು. ಬಹಳ ಹೊತ್ತು ಹಿಡಿಯಿತು. ಕೊನೆಯ ಸುತ್ತು ಬಿಟ್ಟಾಗ ಧನಪಾಲ್ ಎಡಗೈಯಿಂದ ರೆಕ್ಕೆಯನ್ನು ಮೀಟಿದ. ಅದು ಸದ್ದಿಲ್ಲದೆ ತಿರುಗಿತು.

"ಲೇ ಮಾಯಾ," ಎಂದ. "ಆ ಮದರ್‌ಬೋರ್ಡ್ ಎತ್ತು. ಎರಡೂ ಕೈಲಿ ಎತ್ತು. ನಾನ್ ಸ್ಕ್ರೂ ಹಾಕ್ತೀನಿ."

ಆಮೇಲೆ ಕೆಲಸ ಕೆಲಸದ ಹಾಗೆ ನಡೆಯಿತು. ಅವಳು ಹಿಡಿದಳು, ಅವನು ಬಿಗಿದ. ಕೆಲವು ಕಡೆ ಅವನು ತೋರಿಸಿದ, ಅವಳು ಬಿಗಿದಳು. ಹೊಸ ಪೆಟ್ಟಿಗೆಯೊಳಗೆ ಎಲ್ಲವೂ ಒಂದಕ್ಕೊಂದು ತಾಗದೆ ಕೂತವು. ಹಳೆಯದರಲ್ಲಿ ಮಡಚಿ ತುರುಕಿದ್ದ ವಯರುಗಳು ಇಲ್ಲಿ ಕಾಲು ಚಾಚಿಕೊಂಡವು. ಹರ್ಷಿತನ ಹೆಸರನ್ನು ಯಾರೂ ಎತ್ತಲಿಲ್ಲ. ಕೆಲಸದ ನಡುವೆ ಧನಪಾಲ್, "ನಾಳೆ ಬೆಳಿಗ್ಗೆ ಬೇಗ ಬಾಗ್ಲು ತೆಗಿ. ಬುದ್ಧ ಪೂರ್ಣಿಮೆ ಬ್ಯಾನರ್‌ಗೆ ಹುಡುಗ್ರು ಬತ್ತಾರೆ," ಎಂದ. ಮಾಯಾ "ಹ್ಞೂಂ" ಎಂದಳು.

ಗಾಜು ಮುಚ್ಚುವ ಹೊತ್ತಿಗೆ ಮುಡಿಪು ಮಾತ್ರ ಮೇಜಿನ ಮೇಲೆ ಉಳಿಯಿತು.

"ಹರಕೆ ತೀರೋವರ್ಗೂ ಇದನ್ನ ಬಿಚ್ಚಂಗಿಲ್ಲ, ಅಲ್ವಾ?" ಎಂದು ಕೇಳಿದ ಧನಪಾಲ್.

"ಇಲ್ಲ. ಮನೆಗೆ ತಗಂಡೋಗ್ತೀನಿ ಬಿಡ್ರಿ."

"ನಾನು ನಂಬಲ್ಲ ಕಣೇ."

"ನಿಮ್ಮನ್ನ ನಂಬಿ ಅಂದೋರ್ಯಾರು? ನಾನ್ ನಂಬ್ತೀನಲ್ಲ."

ಅವನು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದ. ಕೆಳಗಿನ ಮೂಲೆಯಲ್ಲಿ ಇನ್ನೊಂದು ಹಾರ್ಡ್ ಡಿಸ್ಕಿಗೆಂದು ಮಾಡಿದ್ದ ಖಾಲಿ ತಟ್ಟೆ ಇತ್ತು. ಅಲ್ಲಿ ಬೆರಳಿಟ್ಟು ತೋರಿಸಿದ. "ಇಲ್ಲಿಡು. ಇಲ್ಲಿ ಗಾಳಿಗೆ ಅಡ್ಡ ಬರಲ್ಲ. ದಾರದ ಬಾಲ ಮಾತ್ರ ಒಳಗೆ ಸೇರ್ಸಿ ಕಟ್ಟು."

ಉಚ್ಚಂಗಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ದಾರವನ್ನು ಗಂಟಿಗೇ ಸುತ್ತಿ, ಬಾಲವನ್ನು ಒಳಗೆ ಸಿಕ್ಕಿಸಿ, ತಟ್ಟೆಯ ಮೇಲಿಟ್ಟು ಕೈ ಹಿಂದಕ್ಕೆ ತೆಗೆದಳು. ಮಾಯಾ ಗಾಜು ಮುಚ್ಚಿದಳು. ಸ್ವಿಚ್ಚು ಒತ್ತಲು ಅವಳ ಬೆರಳು ಮುಂದೆ ಹೋಯಿತು. ತಡೆದು, ಪಕ್ಕಕ್ಕೆ ಸರಿದು ನಿಂತಳು.

ಧನಪಾಲ್ ಎಡಗೈಯಿಂದ ಬಲಗೈಯನ್ನು ಎತ್ತಿದ. ಮುಂಗೈಯನ್ನು ಹಿಡಿದು, ತೋರುಬೆರಳನ್ನು ಸ್ವಿಚ್ಚಿನ ಮೇಲಿಟ್ಟು ಭಾರ ಬಿಟ್ಟ. ಕಂಪ್ಯೂಟರು ಎದ್ದಿತು. ಫ್ಯಾನಿನ ಪುಡಿ ಮೆತ್ತಿದ್ದ ಬೆರಳು ತೆಗೆದಾಗ ಹೊಸ ಕಪ್ಪು ಪೆಟ್ಟಿಗೆಯ ಹಣೆಯ ಮೇಲೆ ಕೆಂಪಗೆ ಕುಂಕುಮ ಮೂಡಿತ್ತು.

ಉಚ್ಚಂಗಮ್ಮ ಗಾಬರಿಯಿಂದ ಸೆರಗು ಹಿಡಿದು ಒರೆಸಲು ಬಗ್ಗಿದಳು.

"ಇರ್ಲಿ ಬಿಡೇ," ಎಂದ ಧನಪಾಲ್. "ನನ್ ಬೆರಳಿಂದು ಕಣೇ ಅದು."

ಅವಳು ಸೆರಗನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು. ಗಾಜಿನ ಒಳಗೆ ಫ್ಯಾನುಗಳು ತಿರುಗುತ್ತಿದ್ದವು. ತಟ್ಟೆಯ ಮೇಲಿದ್ದ ಹಳದಿ ಗಂಟು ಅಲುಗಾಡಲಿಲ್ಲ.