ಉಳಿದದ್ದು ಮುಂದಿನ ಕೆಲಸಕ್ಕೆ

ಕಿರ್ ಎಂದಿತು ಕುರ್ಚಿ, ಈಗ ಭಾವ ಬಗ್ಗಿ ಅದರ ಕಾಲು ನೋಡುತ್ತಾರೆ, ಸ್ಕ್ರೂಡ್ರೈವರ್ ತೆಗೆಯುತ್ತಾರೆ, ತೆಗೆದೇಬಿಟ್ಟರು, ಒಳಗೆ ನನ್ನ ಗಂಡ ಕಣ್ಣು ಬಿಡದೆ ಮಲಗಿದ್ದಾರೆ, ಅವರ ಅಣ್ಣನಿಗೆ ಆಸ್ಪತ್ರೆಯ ಕುರ್ಚಿ ರಿಪೇರಿ — ಲಿಫ್ಟ್ ಕೂರಿಸುವವರ ಮನೆಗೆ ಬಂದಾಗಿನಿಂದ ನೋಡುತ್ತಿದ್ದೇನೆ, ಕೆಲಸ ಮುಗಿದರೆ ಸಾಕು, ಉಳಿದ ನಟ್ಟು, ಬೋಲ್ಟು, ಗೇಣುದ್ದದ ವೈರು, ಎಲ್ಲ ಬಳಿದು ತಮ್ಮ ಡಬ್ಬಿಗೆ, ಉಳಿದದ್ದು ಮುಂದಿನ ಕೆಲಸಕ್ಕೆ, ಅದೇ ಇವರ ವೇದವಾಕ್ಯ, ಈ ಸಲ ಕೆಲಸ ಮಲೇರಿಯಾ ಇರುವ ದೇಶದಲ್ಲಿ, ಅಣ್ಣತಮ್ಮ ಇಬ್ಬರೂ ಹೋದರು, ಅಲ್ಲಿರುವವರೆಗೆ ತಪ್ಪದೆ ಮಾತ್ರೆ ನುಂಗಿದರು, ಊರಿಗೆ ಬಂದು ಬ್ಯಾಗು ಬಿಚ್ಚುವಷ್ಟರಲ್ಲಿ ಭಾವನ ಕೈ ಮುಂದೆ, ಉಳಿದಿದ್ದು ಕೊಡೋ, ಇವರು ಕೊಟ್ಟರು, ಅಣ್ಣ ಕೇಳಿದರೆ ಕಿಡ್ನಿಯನ್ನೂ ತೊಳೆದು ಕೊಡುವ ಪ್ರಾಣಿ, ಬೆಳ್ಳಿ ಹಾಳೆ ಒಂದು ಕಡೆಯೂ ಒಡೆಯದ ಮಾತ್ರೆ ಪಟ್ಟಿಗಳು, ಭಾವ, ಬಂದ್ಮೇಲೂ ನಾಲ್ಕು ವಾರ ತಗೋಬೇಕು ಅಂದಿದ್ರಲ್ಲ ಡಾಕ್ಟ್ರು, ಎಂದೆ ನಾನು, ನೋಡಮ್ಮ, ಸೊಳ್ಳೆ ಇರೋದು ಅಲ್ಲಿ, ಮಾತ್ರೆ ಇಲ್ಯಾಕೆ, ಕೆಲಸ ಮುಗಿದ್ಮೇಲೂ ಹೆಲ್ಮೆಟ್ ಹಾಕ್ಕೊಂಡು ಊಟಕ್ಕೆ ಕೂರ್ತಾರಾ, ಇವರೂ ಹಲ್ಲು ಕಿರಿದರು, ಅದೇ ಹಲ್ಲು ಮೊನ್ನೆ ಕಂಬಳಿಯೊಳಗೆ ಕಟಕಟ ಎನ್ನುತ್ತಿತ್ತು, ಆಗಲೂ ಭಾವ, ಬರೀ ಶೀತ ಕಣಮ್ಮ, ಕಷಾಯ ಕೊಡು.

ಈ ಭಾವನ ಬಾಯಿಗೆ ಮಣ್ಣು ಹಾಕ, ಅಂದುಕೊಳ್ಳುತ್ತೇನೆ, ಹೌದು, ಬಾಯಿಬಿಟ್ಟೂ ಅಂದೇನು, ಡಾಕ್ಟರಮ್ಮ ಬಂದರು, ಮಾತ್ರೆ ಯಾವಾಗ ನಿಲ್ಸಿದ್ರು, ಬಂದ ದಿನಾನೇ ಎಂದೆ ನಾನು, ಭಾವ ಗೋಡೆ ನೋಡಿದರು, ಸೊಳ್ಳೆ ಅಲ್ಲೇ ಉಳೀತಮ್ಮ, ಎಂದರು ಡಾಕ್ಟರಮ್ಮ, ಅದು ಬಿಟ್ಟ ರೋಗಾಣು ಮೈಯೊಳಗೇ ಬಂತು, ಅದಕ್ಕೇ ನಾಲ್ಕು ವಾರ ಹೇಳೋದು, ಈಗ ಮಿದುಳಿಗೆ ಏರಿದೆ, ಏನೂ ಹೇಳಕ್ಕಾಗಲ್ಲ, ಬಾಗಿಲ ಕಡೆ ಹೊರಟರು, ಏನೂ ಹೇಳಕ್ಕಾಗಲ್ಲವಂತೆ, ಭಾವ ಎದ್ದು ಬರುತ್ತಿದ್ದಾರೆ, ಬರಬೇಡಿ, ಕ್ಷಮಿಸು ಎಂದರೆ ಉಗಿಯುತ್ತೇನೆ, ಇಲ್ಲ, ಡಬ್ಬಿ ತೆರೆಯುತ್ತಾರೆ, ವಾಷರುಗಳ ನಡುವೆ ರಬ್ಬರ್ ಬ್ಯಾಂಡ್ ಸುತ್ತಿದ ಎರಡು ಕಟ್ಟು ಮಾತ್ರೆ, ಒಂದು ನಿನ್ನ ಗಂಡಂದು, ಇನ್ನೊಂದು ನಂದು ಕಣಮ್ಮ, ನನ್ನ ಕೈಗಿಡುವಾಗ ಆ ಬೆರಳು ತಾಗಿತು, ಕಾದ ಬಾಣಲೆ, ಇಷ್ಟು ಸೆಕೆಯಲ್ಲಿ ಸ್ವೆಟರ್ ಹಾಕಿದ್ದಾರೆ, ಈಗ ಗಮನಿಸುತ್ತಿದ್ದೇನೆ, ಸ್ವಲ್ಪ ಶೀತ, ಅಷ್ಟೆ, ಎನ್ನುತ್ತಾರೆ, ಡಾಕ್ಟರಮ್ಮ ಇನ್ನೂ ಆ ಬಾಗಿಲ ಹತ್ತಿರವೇ ಇದ್ದಾರೆ, ಕೂಗಿದರೆ ಕೇಳುತ್ತದೆ, ಕೂಗಬೇಕು, ಕೂಗುತ್ತೇನೆ, ಕೂಗದಿದ್ದರೆ — ಕೈಯಲ್ಲಿ ಬೆಳ್ಳಿ ಹಾಳೆ, ಒಂದೂ ಒಡೆದಿಲ್ಲ, ಬೆಳ್ಳಿ ಹಾಳೆ, ಒಂದೂ